ಮದುವೆಯ ಮೂರನೆಯ ಸಾಕ್ಷಿ

ಕಾನಾ ಊರಿನ ಮದುವೆಯ ವೃತ್ತಾಂತವನ್ನು ನಮಗೆ ಕೊಟ್ಟ ಸಂತ ಯೊವಾನ್ನರು ವಧುವಿನ ಹೆಸರನ್ನಾಗಲಿ ವರನ ಹೆಸರನ್ನಾಗಲಿ ಹೇಳಿಲ್ಲ. ವಧುವಿನ ಪ್ರಸ್ತಾಪವೇ ಅಲ್ಲಿಲ್ಲ. ವರನ ಪ್ರಸ್ತಾಪ ಬರುವುದೂ ಔತಣದ ಮೇಲ್ವಿಚಾರಕನು ಒಳ್ಳೆಯ ದ್ರಾಕ್ಷಾರಸದ ರುಚಿ ನೋಡಿ ಅವನನ್ನು ಕರೆದು ಮಾತನಾಡಿಸುವಾಗ ಮಾತ್ರ. ಆದರೆ ಒಂದು ಸಂಗತಿಯನ್ನು ಶುಭಸಂದೇಶಕಾರರು ಮರೆಯದೆ ದಾಖಲಿಸಿದ್ದಾರೆ. ಆ ದ್ರಾಕ್ಷಾರಸ ಎಲ್ಲಿಂದ ಬಂತೆಂಬುದು ಮೇಲ್ವಿಚಾರಕನಿಗೆ ತಿಳಿದಿರಲಿಲ್ಲ. ಆರು ಕಲ್ಲಿನ ಬಾನೆಗಳಿಗೆ ನೀರು ತುಂಬಿದ ಸೇವಕರಿಗೆ ತಿಳಿದಿತ್ತು.

ಮದುವೆಯ ಮನೆಯಲ್ಲಿ ನಿಜವಾಗಿ ನಡೆದದ್ದೇನೆಂಬುದು ಅತಿಥಿಗಳಿಗಿಂತ ಹೆಚ್ಚಾಗಿ ಅಲ್ಲಿ ದುಡಿಯುವವರಿಗೆ ಗೊತ್ತಿರುತ್ತದೆ. ಅಡುಗೆಯವರು, ಚಪ್ಪರದವರು, ಬ್ಯಾಂಡಿನವರು ಒಂದೊಂದು ಭಾಗವನ್ನು ಬಲ್ಲರು. ಬೆಳಗಿನ ಅಲಂಕಾರದಿಂದ ರಾತ್ರಿಯ ಬೀಳ್ಕೊಡುಗೆಯವರೆಗೆ ಎಲ್ಲವನ್ನೂ ಕಾಣುವವರು ಒಬ್ಬರೇ, ಛಾಯಾಗ್ರಾಹಕರು. ನಮ್ಮ ಸಮುದಾಯದ ಮದುವೆಗಳ ಆಡಂಬರದ ಬಗ್ಗೆ, ಮದ್ಯದ ಬಗ್ಗೆ, ಖರ್ಚಿನ ಬಗ್ಗೆ ಇಂತಹ ಅಂಕಣಗಳಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಎರಡು ದಿನಗಳ ಕಾಲ ನಮ್ಮ ಮನೆಯ ಒಳಕೋಣೆಯವರೆಗೂ ಬಂದು ಹೋಗುವ ಈ ವ್ಯಕ್ತಿಯ ಬಗ್ಗೆ, ಅವರ ಕಸುಬಿನ ಬಗ್ಗೆ, ಅವರನ್ನು ನಾವು ನಡೆಸಿಕೊಳ್ಳುತ್ತಿರುವ ರೀತಿಯ ಬಗ್ಗೆ ಯಾರೂ ಹೆಚ್ಚು ಯೋಚಿಸಿದಂತಿಲ್ಲ. ಅವರ ವಿಷಯ ಬರುವುದೆಲ್ಲ ದೂರಿನ ರೂಪದಲ್ಲಿಯೇ. ಬಲಿಪೀಠದ ಬಳಿ ಓಡಾಡಿದರು, ಗುರುಗಳಿಗೆ ಅಡ್ಡ ನಿಂತರು, ಆಲ್ಬಮ್ ತಡ ಮಾಡಿದರು. ಈ ದೂರುಗಳಲ್ಲಿ ಹುರುಳಿಲ್ಲವೆಂದಲ್ಲ. ಅವು ತಲುಪಬೇಕಾದ ವಿಳಾಸ ಬೇರೆ ಎಂಬುದು ಈ ಲೇಖನದ ಅಭಿಪ್ರಾಯ.

ಮೊದಲು ಧರ್ಮಸಭೆಯ ಕಾನೂನು ಏನು ಹೇಳುತ್ತದೆಂಬುದನ್ನು ನೆನಪಿಸಿಕೊಳ್ಳೋಣ. 1983ರ ಕಾನೂನು ಸಂಹಿತೆಯ 1057ನೆಯ ವಿಧಿಯಂತೆ ಮದುವೆಯನ್ನು ಆಗಿಸುವುದು ವಧೂವರರ ಪರಸ್ಪರ ಸಮ್ಮತಿ. ಉಂಗುರವಲ್ಲ, ಮೆರವಣಿಗೆಯಲ್ಲ, ಕೇಕ್ ಅಂತೂ ಅಲ್ಲ. ಲತೀನ್ ಪರಂಪರೆಯಲ್ಲಿ ಈ ಸಂಸ್ಕಾರವನ್ನು ಒಬ್ಬರಿಗೊಬ್ಬರು ನೀಡಿಕೊಳ್ಳುವವರು ವಧೂವರರೇ. ಗುರುಗಳು ಧರ್ಮಸಭೆಯ ಹೆಸರಿನಲ್ಲಿ ಆ ಸಮ್ಮತಿಯನ್ನು ಕೇಳಿ ಸ್ವೀಕರಿಸುತ್ತಾರೆ. 1108ನೆಯ ವಿಧಿ ಇಬ್ಬರು ಸಾಕ್ಷಿಗಳ ಹಾಜರಿಯನ್ನು ಕಡ್ಡಾಯಗೊಳಿಸಿದೆ. ಅವರ ಹೆಸರುಗಳು ಧರ್ಮಕೇಂದ್ರದ ವಿವಾಹ ದಾಖಲೆ ಪುಸ್ತಕವನ್ನು ಸೇರುತ್ತವೆ. ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ಧೆಡೊ ಮತ್ತು ಧೆಡಿ ಎಂದು ಕೊಂಕಣಿಯಲ್ಲಿ ಕರೆಯಲ್ಪಡುವ ವರನ ಸಂಗಡಿಗನೂ ವಧುವಿನ ಸಂಗಾತಿಯೂ ಈ ಸಹಿ ಹಾಕುತ್ತಾರೆ. ಸಹಿ ಹಾಕದ ಮೂರನೆಯ ಸಾಕ್ಷಿಯೊಬ್ಬರು ಐದು ಅಡಿ ದೂರದಲ್ಲಿ ಕ್ಯಾಮೆರಾ ಹಿಡಿದು ನಿಂತಿರುತ್ತಾರೆ. ಮೂವತ್ತು ವರ್ಷಗಳ ಅನಂತರ ಮೊಮ್ಮಕ್ಕಳು ಕೇಳುವುದು ಈ ಮೂರನೆಯವರ ಸಾಕ್ಷ್ಯವನ್ನು.

ಮದುವೆಗೆ ಚಿತ್ರಕಾರನೇ ಸಾಕ್ಷಿಯಾಗುವ ಕಲ್ಪನೆ ಕ್ಯಾಮೆರಾಕ್ಕಿಂತ ಹಳೆಯದು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಯಾನ್ ವಾನ್ ಐಕ್ 1434ರಲ್ಲಿ ಬಿಡಿಸಿದ ಅರ್ನೊಲ್ಫಿನಿ ದಂಪತಿಯ ಚಿತ್ರವೊಂದಿದೆ. ಕೈ ಹಿಡಿದು ನಿಂತ ಗಂಡು ಹೆಣ್ಣಿನ ಹಿಂದೆ ಗೋಡೆಯ ಮೇಲೊಂದು ದುಂಡು ಕನ್ನಡಿ. ಆ ಕನ್ನಡಿಯಲ್ಲಿ ಬಾಗಿಲ ಬಳಿ ನಿಂತ ಮತ್ತಿಬ್ಬರ ಪ್ರತಿಬಿಂಬ. ಕನ್ನಡಿಯ ಮೇಲ್ಗಡೆ ಕಲಾವಿದನು ತಾನು ಇಲ್ಲಿದ್ದೆನೆಂದು ಲತೀನಿನಲ್ಲಿ ಬರೆದು ಇಸವಿಯನ್ನೂ ಹಾಕಿದ್ದಾನೆ. ಇದು ವಿವಾಹದ ಸಾಕ್ಷ್ಯಪತ್ರವೇ ಎಂದು ಪನೋಫ್‌ಸ್ಕಿ ಎಂಬ ಕಲಾ ಇತಿಹಾಸಕಾರರು 1934ರಲ್ಲಿ ವಾದಿಸಿದರು. ಎಲ್ಲ ವಿದ್ವಾಂಸರೂ ಅದನ್ನು ಒಪ್ಪಿಲ್ಲ. ಆದರೂ ಚಿತ್ರಕಾರನು ತನ್ನ ಹೆಸರಿನೊಡನೆ ತನ್ನ ಹಾಜರಿಯನ್ನೂ ದಾಖಲಿಸಿದ್ದಾನೆಂಬುದರಲ್ಲಿ ಸಂದೇಹವಿಲ್ಲ.

ಇನ್ನು ನಮ್ಮ ಊರಿನ ಕಸುಬಿಗೆ ಬರೋಣ. ನಾಲ್ಕು ದಶಕಗಳ ಕಾಲ ಮಂಗಳೂರು ಮತ್ತು ಉಡುಪಿ ಕಡೆಯ ಇಗರ್ಜಿಗಳಲ್ಲಿ ಮದುವೆ ಚಿತ್ರ ತೆಗೆದ ಹಿರಿಯರೊಬ್ಬರು ಪರಿಚಿತರಾಗಿದ್ದಾರೆ. ಅವರ ಮಾತುಗಳನ್ನು ಕೇಳಿದವರಿಗೆ ಈ ಕೆಲಸವನ್ನು ಗುಂಡಿ ಒತ್ತುವ ಕೆಲಸವೆಂದು ಭಾವಿಸಲು ಸಾಧ್ಯವಾಗದು. ಅವರು ಆರಂಭಿಸಿದ್ದು ಯಾಶಿಕಾ ಕ್ಯಾಮೆರಾದಲ್ಲಿ. ಎರಡು ಮಸೂರಗಳ ಆ ಪೆಟ್ಟಿಗೆಯನ್ನು ಎದೆಯ ಮಟ್ಟದಲ್ಲಿ ಹಿಡಿದು, ತಲೆ ತಗ್ಗಿಸಿ ನೋಡಬೇಕಿತ್ತು; ಬಲಿಪೀಠದ ಮುಂದೆ ನಿಂತ ಛಾಯಾಗ್ರಾಹಕರು ಪ್ರಾರ್ಥನೆಯಲ್ಲಿರುವಂತೆ ಕಾಣುತ್ತಿದ್ದರು. ಒಂದು ರೋಲಿನಲ್ಲಿ 12 ಚಿತ್ರಗಳು. ಇಡೀ ಮದುವೆಗೆ ನಾಲ್ಕು ರೋಲು ಎಂದು ಮನೆಯವರು ಮೊದಲೇ ನಿಗದಿ ಮಾಡುತ್ತಿದ್ದರು. ಅಂದರೆ 48 ಚಿತ್ರಗಳಲ್ಲಿ ಮದುವೆ ಮುಗಿಯಬೇಕು. ಮನೆಯಿಂದ ಹೊರಡುವುದು, ಸಮ್ಮತಿ, ಉಂಗುರ, ಸಹಿ, ಎರಡೂ ಕಡೆಯ ಕುಟುಂಬಗಳು, ಕೇಕ್, ಶುಭಾಶಯ ಭಾಷಣ, ಒಪ್ಪಿಸಿಕೊಡುವುದು. ಮಧ್ಯೆ ಒಂದು ವ್ಯರ್ಥವಾದರೆ ಯಾವುದೋ ಒಬ್ಬ ಸೋದರಮಾವ ಆಲ್ಬಮ್ಮಿನಿಂದ ಹೊರಗುಳಿಯುತ್ತಿದ್ದ. ಆ ಮುನಿಸು ಎಷ್ಟು ವರ್ಷ ಉಳಿಯುತ್ತಿತ್ತೆಂಬುದನ್ನು ಓದುಗರೇ ಬಲ್ಲರು. ಆದಕಾರಣ ಕಾಯುವುದು, ನೋಡುವುದು, ಮುಂದೇನಾಗುತ್ತದೆಂದು ಊಹಿಸುವುದು ಇವೇ ಆ ಕಾಲದ ವಿದ್ಯೆಯಾಗಿದ್ದವು. ಗುಂಡಿ ಒತ್ತುವುದು ಕೊನೆಯ ಕೆಲಸ.

ಕ್ರೈಸ್ತ ಮದುವೆಯ ಚಿತ್ರ ತೆಗೆಯುವುದು ಇತರ ಮದುವೆಗಳಿಗಿಂತ ಕಷ್ಟವೆಂದು ಅವರು ಹೇಳುವುದುಂಟು. ಕಾರಣ ಸರಳವಾದುದು. ವಧು ಅಪ್ಪಟ ಬಿಳಿ, ವರ ಅಪ್ಪಟ ಕಪ್ಪು, ಇಬ್ಬರೂ ಅಕ್ಕಪಕ್ಕ. ಕಪ್ಪು ಕೋಟಿನ ನೆರಿಗೆ ಕಾಣುವಷ್ಟು ಬೆಳಕು ಬಿಟ್ಟರೆ ಬಿಳಿ ಉಡುಪಿನ ಕಸೂತಿಯೆಲ್ಲ ಮಾಯವಾಗಿ ಸುಣ್ಣ ಬಳಿದ ಗೋಡೆಯಂತಾಗುತ್ತದೆ; ಕಸೂತಿಯನ್ನು ಉಳಿಸಹೊರಟರೆ ವರನ ದೇಹವೇ ಇಲ್ಲದೆ ಮುಖವೊಂದು ಕತ್ತಲೆಯಲ್ಲಿ ತೇಲುತ್ತದೆ. ಜೊತೆಗೆ ನಮ್ಮ ಹಳೆಯ ಇಗರ್ಜಿಗಳ ಒಳಾಂಗಣದಲ್ಲಿ ಬೆಳಕು ಬರುವುದು ಎತ್ತರದ ಕಿಟಕಿಗಳಿಂದ. ಕೆಳಗೆ ನಿಂತವರ ಕಣ್ಣುಗಳ ಕೆಳಗೆ ನೆರಳು ಕಟ್ಟುತ್ತದೆ. ಫ್ಲ್ಯಾಶ್ ಹಾಕಿದರೆ ಹಿಂದಿನ ಬಲಿಪೀಠವೆಲ್ಲ ಕತ್ತಲಾಗುತ್ತದೆ. ಈ ಮೂರನ್ನೂ ಒಂದೇ ಕ್ಷಣದಲ್ಲಿ ಸರಿದೂಗಿಸಬೇಕು, ಅದೂ ಫಲಿತಾಂಶವನ್ನು ಕತ್ತಲೆಕೋಣೆಗೆ ಹೋದ ಮೇಲಷ್ಟೇ ಕಾಣುವ ಕಾಲದಲ್ಲಿ. ಮಳೆಗಾಲ ಬಂತೆಂದರೆ ಕರಾವಳಿಯ ತೇವಕ್ಕೆ ಮಸೂರದೊಳಗೆ ಬೂಷ್ಟು ಕಟ್ಟುತ್ತದೆ. ಆ ಹಿರಿಯರ ಮನೆಯ ಮರದ ಕಪಾಟಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಸಣ್ಣ ಬಲ್ಬು ಹಗಲೂ ರಾತ್ರಿ ಉರಿಯುತ್ತದೆ. ದೇವರ ಮುಂದಿನ ದೀಪ ಒಮ್ಮೊಮ್ಮೆ ಆರುವುದುಂಟು, ಕ್ಯಾಮೆರಾದ ಕಪಾಟಿನ ದೀಪ ಆರಬಾರದು ಎಂದು ಅವರ ಮನೆಯವರು ಹಾಸ್ಯ ಮಾಡುತ್ತಾರೆ.

ಈ ವಿದ್ಯೆಯನ್ನು ಅವರು ಕಲಿತದ್ದೆಲ್ಲಿ? ಶಾಲೆಯಲ್ಲಿ ಅಲ್ಲವೆಂಬುದು ಸ್ಪಷ್ಟ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವೇ ತನ್ನ ಪಾಠಶಾಲೆ ಎಂದು ಅವರು ಹೇಳುತ್ತಾರೆ. ಇಟಲಿಯ ಬೆರ್ಗಮೊ ಪ್ರದೇಶದಲ್ಲಿ 1854ರಲ್ಲಿ ಜನಿಸಿದ ಅಂತೋನಿಯೊ ಮೊಸ್ಕೇನಿ ಎಂಬ ಯೇಸುಸಭೆಯ ಸಹೋದರರು 1899ರಲ್ಲಿ ಮಂಗಳೂರಿಗೆ ಬಂದು ಆ ಪ್ರಾರ್ಥನಾಲಯದ ಗೋಡೆ, ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದರು. ಛಾವಣಿಯಲ್ಲಿ ಸಂತ ಅಲೋಶಿಯಸ್ ಗೊನ್ಜಾಗರ ಜೀವನವಿದೆ. ಮೊಸ್ಕೇನಿಯವರು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು; ಅವರು ಗುರುಗಳಾಗಿರಲಿಲ್ಲ, ಬಲಿಪೂಜೆಯನ್ನು ಅರ್ಪಿಸಿದವರಲ್ಲ, ಕುಂಚ ಹಿಡಿದೇ ಸೇವೆ ಸಲ್ಲಿಸಿದವರು. ಮದುವೆಯ ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ನಮ್ಮ ಛಾಯಾಗ್ರಾಹಕರು ಅಲ್ಲಿಯ ಬೆಂಚಿನಲ್ಲಿ ಕುಳಿತು, ಗುಂಪಿನಲ್ಲಿ ಯಾರನ್ನು ಎಲ್ಲಿ ನಿಲ್ಲಿಸಿದ್ದಾರೆ, ಯಾರ ಮುಖ ಯಾವ ಕಡೆ ತಿರುಗಿದೆ, ಬೆಳಕು ಯಾವ ಬದಿಯಿಂದ ಬರುತ್ತಿದೆ ಎಂದು ನೋಡುತ್ತಿದ್ದರಂತೆ. ಮೂವತ್ತು ಮಂದಿ ಬಂಧುಗಳನ್ನು ಇಗರ್ಜಿಯ ಮೆಟ್ಟಿಲಿನ ಮೇಲೆ ಗೋಡೆಯಂತೆ ಸಾಲಾಗಿ ನಿಲ್ಲಿಸದೆ, ಹಿರಿಯರನ್ನು ಕೂರಿಸಿ, ಮಕ್ಕಳನ್ನು ಅವರ ಮೊಣಕಾಲಿಗೆ ಒರಗಿಸಿ, ಎಲ್ಲರ ಮುಖವೂ ಕಾಣುವಂತೆ ಮಾಡುವ ಉಪಾಯ ಹೊಳೆದದ್ದು ಅಲ್ಲಿ.

ಮತ್ತೊಂದು ಸ್ಫೂರ್ತಿ ಮೈಸೂರಿನ ಟಿ. ಎಸ್. ಸತ್ಯನ್ ಅವರದು. 1923ರಲ್ಲಿ ಹುಟ್ಟಿ 2009ರಲ್ಲಿ ನಿಧನರಾದ ಈ ಕನ್ನಡಿಗ ಛಾಯಾಗ್ರಾಹಕರು ದೊಡ್ಡವರ ಚಿತ್ರಗಳನ್ನು ತೆಗೆದದ್ದುಂಟಾದರೂ ಅವರ ಹೆಸರು ಉಳಿದಿರುವುದು ಸಾಮಾನ್ಯ ಜನರ, ಮಕ್ಕಳ, ದುಡಿಯುವವರ ಚಿತ್ರಗಳಿಂದ. ಪತ್ರಿಕೆಗಳಲ್ಲಿ ಬಂದ ಅವರ ಚಿತ್ರಗಳನ್ನು ಕತ್ತರಿಸಿ ಇಟ್ಟುಕೊಂಡ ನಮ್ಮ ಹಿರಿಯರು ಅವುಗಳಿಂದ ಕಲಿತದ್ದೆಂದರೆ, ಎದುರಿಗಿರುವವರು ಕ್ಯಾಮೆರಾವನ್ನು ಮರೆಯುವವರೆಗೆ ಕಾಯಬೇಕು ಎಂಬುದು. ಇಂದು ಇದಕ್ಕೆ ಕ್ಯಾಂಡಿಡ್ ಎಂಬ ಹೆಸರಿಟ್ಟು ಬೇರೆ ದರ ವಿಧಿಸುತ್ತಾರೆ.

ಅವರು ಮೆಚ್ಚುವ ಇನ್ನೊಂದು ಚಿತ್ರವಿದೆ. ಪುಸ್ತಕದಲ್ಲಿ ಮಾತ್ರ ನೋಡಿದ್ದು. ವೆನಿಸ್ಸಿನ ಬೆನೆಡಿಕ್ಟ್ ಸಭೆಯ ಮಠದ ಭೋಜನಶಾಲೆಗಾಗಿ ಪಾವೊಲೊ ವೆರೊನೀಸೆ 1563ರಲ್ಲಿ ಮುಗಿಸಿದ ಕಾನಾ ಊರಿನ ಮದುವೆ. ಸುಮಾರು 10 ಮೀಟರ್ ಅಗಲದ ಈ ಚಿತ್ರವನ್ನು 1797ರಲ್ಲಿ ನೆಪೋಲಿಯನ್ನನ ಸೈನಿಕರು ಹೊತ್ತೊಯ್ದರು. ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ನೂರಕ್ಕೂ ಮಿಕ್ಕಿದ ಜನರಿರುವ ಆ ಚಿತ್ರದಲ್ಲಿ ಯೇಸುಸ್ವಾಮಿ ಮತ್ತು ಮಾತೆ ಮರಿಯ ನಟ್ಟನಡುವೆ ಇದ್ದಾರೆ. ಸಂಗೀತಗಾರರು, ಬಡಿಸುವವರು, ಮಾಂಸ ಕತ್ತರಿಸುವವರು, ನಾಯಿಗಳು ಕೂಡ ಇವೆ. ವಧೂವರರೆಲ್ಲಿ? ಎಡಗಡೆಯ ತುತ್ತತುದಿಯಲ್ಲಿ, ಮೇಜಿನ ಕೊನೆಗೆ! ಇಂದಿನ ಯಾವ ಛಾಯಾಗ್ರಾಹಕರಾದರೂ ಇಂತಹ ಚಿತ್ರ ತೆಗೆದುಕೊಟ್ಟರೆ ಬಾಕಿ ಹಣ ಸಿಗಲಾರದು. ಆದರೆ ಮದುವೆಯೆಂದರೆ ಇಬ್ಬರದ್ದಲ್ಲ, ಇಡೀ ಮನೆಯದ್ದು, ಅದರ ನಡುವೆ ದೇವರದ್ದು ಎಂಬ ತಿಳಿವಳಿಕೆ ಆ ಚಿತ್ರಕಾರನಿಗಿತ್ತು.

ಈ ತಿಳಿವಳಿಕೆ ನಮ್ಮ ಆಲ್ಬಮ್ಮುಗಳಿಂದ ಯಾವಾಗ ಮರೆಯಾಯಿತು? ಇದು ಒಂದೇ ದಿನದಲ್ಲಿ ಆದದ್ದಲ್ಲ. ಎಂಬತ್ತರ ದಶಕದಲ್ಲಿ ವಿಡಿಯೊ ಬಂದಾಗ ಅದಕ್ಕೊಂದು ಸಕಾರಣವಿತ್ತು. ಕುವೈತ್, ಬಹರೈನ್, ದುಬೈಗಳಲ್ಲಿ ದುಡಿಯುತ್ತಿದ್ದ ಅಣ್ಣನಿಗೆ ರಜೆ ಸಿಗುತ್ತಿರಲಿಲ್ಲ. ತಂಗಿಯ ಮದುವೆಯ ಕ್ಯಾಸೆಟ್ಟು ಯಾರದೋ ಪೆಟ್ಟಿಗೆಯಲ್ಲಿ ಅವನನ್ನು ತಲುಪುತ್ತಿತ್ತು. ಕಣ್ಣು ಕುಕ್ಕುವ ದೀಪ, ಹಿಂದೆ ಎಳೆದು ತರುವ ವಯರು, ಅದನ್ನು ಹಿಡಿಯುವ ಹುಡುಗ ಎಲ್ಲವನ್ನೂ ಇಗರ್ಜಿ ಸಹಿಸಿಕೊಂಡಿತು. ಆಮೇಲೆ ಡಿಜಿಟಲ್ ಬಂತು. ರೋಲಿನ ಲೆಕ್ಕ ತಪ್ಪಿದೊಡನೆ ಸಂಯಮದ ಲೆಕ್ಕವೂ ತಪ್ಪಿತು. 48 ಚಿತ್ರಗಳ ಜಾಗದಲ್ಲಿ ಸಾವಿರಗಟ್ಟಲೆ ಚಿತ್ರಗಳು ಬಂದವು. ಅದರ ಬೆನ್ನಿಗೆ ಮದುವೆಗೆ ಮೊದಲೇ ಕಡಲತೀರದಲ್ಲಿ ಚಿತ್ರೀಕರಣ, ಆಕಾಶದಿಂದ ಡ್ರೋನ್, ಸಿನಿಮಾ ಶೈಲಿಯ ಕಿರುಚಿತ್ರ. ಸಾಕ್ಷಿಯಾಗಿದ್ದವರನ್ನು ನಾವು ನಿರ್ದೇಶಕರನ್ನಾಗಿ ಮಾಡಿದೆವು. ನಾವು ಎಂಬ ಪದವನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಉಂಗುರ ತೊಡಿಸಿದ್ದು ಸರಿಯಾಗಿ ಬಂದಿಲ್ಲ, ಇನ್ನೊಮ್ಮೆ ತೊಡಿಸಿ ಎಂದು ಬಲಿಪೀಠದ ಮುಂದೆ ಹೇಳುವ ಧೈರ್ಯ ಛಾಯಾಗ್ರಾಹಕರಿಗೆ ಎಲ್ಲಿಂದ ಬರುತ್ತದೆ? ಆ ಚಿತ್ರ ಇಲ್ಲದೆ ಹೋದರೆ ಮನೆಯವರು ಏನು ಹೇಳಬಹುದೆಂಬ ಭಯದಿಂದ ಬರುತ್ತದೆ. ಸಮ್ಮತಿಯ ಮಾತನ್ನು ಎರಡನೆಯ ಬಾರಿ ಹೇಳಿಸಿದರೆ ಅದು ಸಮ್ಮತಿಯಲ್ಲ, ನಟನೆ. ಅದು ಅವರಿಗೂ ಗೊತ್ತು.

ಧರ್ಮಸಭೆ ಈ ವಿಷಯದಲ್ಲಿ ಮೌನವಾಗಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯ ಬೆನ್ನಿಗೇ, 1967ರ ಮೇ 25ರಂದು ಪರಮಪ್ರಸಾದದ ಆರಾಧನೆಯ ಕುರಿತು ಹೊರಬಂದ ನಿರ್ದೇಶಪತ್ರವು, ಚಿತ್ರ ತೆಗೆಯುವುದರಿಂದ ಪೂಜಾವಿಧಿಗಳಿಗೆ, ವಿಶೇಷವಾಗಿ ಬಲಿಪೂಜೆಗೆ, ಅಡಚಣೆಯಾಗದಂತೆ ಬಹಳ ಎಚ್ಚರ ವಹಿಸಬೇಕೆಂದೂ, ತಕ್ಕ ಕಾರಣವಿದ್ದಲ್ಲಿ ಸಂಯಮದಿಂದ, ಧರ್ಮಾಧ್ಯಕ್ಷರ ನಿಯಮಗಳಂತೆ ತೆಗೆಯಬಹುದೆಂದೂ ತಿಳಿಸಿತು. ಗಮನಿಸಿ, ಅದು ಕ್ಯಾಮೆರಾವನ್ನು ಹೊರಗಟ್ಟಲಿಲ್ಲ, ಮಿತಿಯನ್ನು ಕೇಳಿತು. ಪೋಪ್ ಫ್ರಾನ್ಸಿಸರು 2017ರ ನವೆಂಬರ್‌ನಲ್ಲಿ ಬೇಸರ ವ್ಯಕ್ತಪಡಿಸಿದ್ದು ಮೊಬೈಲುಗಳ ಬಗ್ಗೆ. ಹೃದಯಗಳನ್ನು ಮೇಲೆತ್ತಿರೆಂದು ಗುರುಗಳು ಕರೆಯುವಾಗ ಜನ ಫೋನುಗಳನ್ನು ಮೇಲೆತ್ತುತ್ತಾರೆಂದು ಅವರು ಹೇಳಿದಾಗ, ಗುರುಗಳನ್ನೂ ಬಿಷಪರನ್ನೂ ಆ ಮಾತಿನಿಂದ ಬಿಡಲಿಲ್ಲ. ನಮ್ಮ ಮದುವೆಗಳಲ್ಲಿ ಇಂದು ಹೆಚ್ಚಿನ ಅಡಚಣೆ ಈ ಫೋನುಗಳದೇ. ನಡುಹಾದಿಯಲ್ಲಿ ವಧು ನಡೆದು ಬರುವಾಗ ಎರಡೂ ಬದಿಯ ಬೆಂಚುಗಳಿಂದ ಕೈಗಳು ಚಾಚಿಕೊಂಡು, ಹಣ ಪಡೆದು ಬಂದ ಛಾಯಾಗ್ರಾಹಕರಿಗೆ ಕಾಣುವುದು ಫೋನುಗಳ ಬೆನ್ನು ಮಾತ್ರ. ಮಗಳು ಹತ್ತಿರ ಬರುವಾಗ ತಾಯಿಯ ಕಣ್ಣು ಏನು ಹೇಳುತ್ತಿತ್ತೆಂಬುದನ್ನು ಸೆರೆಹಿಡಿಯಬೇಕೆಂದರೆ ತಾಯಿಯ ಮುಖವೇ ಫೋನಿನ ಹಿಂದೆ.

ಒಂದೆಡೆ ನಿರ್ದೇಶಕ ಪಟ್ಟ ಕೊಟ್ಟ ನಾವು ಇನ್ನೊಂದೆಡೆ ಅವರನ್ನು ಆಳಿನಂತೆ ಕಾಣುತ್ತೇವೆ. ಎರಡೂ ಒಂದೇ ದಿನ, ಒಂದೇ ಮನೆಯಲ್ಲಿ ನಡೆಯುತ್ತವೆ ಎಂಬುದು ವಿಚಿತ್ರ. ರೋಸ್ ದಿನ ಸಂಜೆ ಅವರು ಬರುತ್ತಾರೆ. ತೆಂಗಿನ ಹಾಲಿನ ಅಭ್ಯಂಜನ, ಅಜ್ಜಿಯರ ವೊವಿಯೊ ಹಾಡುಗಳು, ಬಳೆಗಳ ಸಡಗರ, ಎಲ್ಲ ಮುಗಿದು ಅವರು ಮನೆಗೆ ಹೋಗುವಾಗ ನಡುರಾತ್ರಿ. ಮರುದಿನ ಬೆಳಗ್ಗೆ ವಧುವಿನ ಮನೆ, ಇಗರ್ಜಿ, ಸಭಾಭವನ. ಊಟಕ್ಕೆ ಕರೆಯುವವರಿಲ್ಲ. ಅತಿಥಿಗಳು ಊಟ ಮಾಡುವ ಚಿತ್ರ ತೆಗೆದ ಮೇಲೆ ಅವರ ಸರದಿ. ಅಷ್ಟು ಹೊತ್ತಿಗೆ ಸಾನ್ನಾಂ ಮುಗಿದಿರುತ್ತದೆ, ಹಂದಿಮಾಂಸದ ಪಾತ್ರೆಯಲ್ಲಿ ಸಾರು ಮಾತ್ರ. ಇದು ಸಣ್ಣ ಮಾತೆಂದು ಕೆಲವರಿಗೆ ಅನ್ನಿಸಬಹುದು. ಹನ್ನೆರಡು ಗಂಟೆ ನಿಂತು, ಬಗ್ಗಿ, ಭಾರ ಹೊತ್ತವರಿಗೆ ಇದು ಸಣ್ಣ ಮಾತಲ್ಲ. ಸಹಾಯಕ್ಕೆ ಬಂದ ಹದಿನೆಂಟರ ಹುಡುಗನಿಗೆ ಇನ್ನೂ ಅಲ್ಲ.

ಅನಂತರ ಕಂಪ್ಯೂಟರಿನ ಮುಂದಿನ ರಾತ್ರಿಗಳು. ಸಾವಿರಾರು ಚಿತ್ರಗಳನ್ನು ಆರಿಸಿ, ಬಣ್ಣ ತಿದ್ದಿ ಮನೆಗೆ ಕಳುಹಿಸಿದರೆ ಆಲ್ಬಮ್ಮಿಗೆ ಬೇಕಾದವುಗಳನ್ನು ಗುರುತಿಸಿ ಕೊಡಬೇಕಾದವರು ಮನೆಯವರು. ಅಲ್ಲಿಗೆ ಕೆಲಸ ನಿಲ್ಲುತ್ತದೆ. ನವದಂಪತಿ ವಿದೇಶಕ್ಕೆ ಹಾರಿರುತ್ತಾರೆ. ತಂದೆತಾಯಿಗೆ ಆರಿಸಲು ಗೊತ್ತಾಗುವುದಿಲ್ಲ. ಆರು ತಿಂಗಳು, ಕೆಲವೊಮ್ಮೆ ಮೊದಲ ಮಗುವಿನ ಜ್ಞಾನಸ್ನಾನದವರೆಗೂ ಆಯ್ಕೆ ಬರುವುದಿಲ್ಲ. ಆಲ್ಬಮ್ ಕೊಟ್ಟಾಗ ಬಾಕಿ ಎಂಬ ಒಪ್ಪಂದದಿಂದಾಗಿ ಹಣವೂ ಬರುವುದಿಲ್ಲ. ಅಲಂಕಾರದವರಿಗೆ, ಕೇಕಿನವರಿಗೆ, ಸಭಾಭವನಕ್ಕೆ ಮುಂಗಡವಾಗಿಯೇ ಪೂರ್ತಿ ಕೊಡುವ ಕುಟುಂಬಗಳು ಛಾಯಾಗ್ರಾಹಕರ ಬಾಕಿಯನ್ನು ಮರೆತುಬಿಡುವುದು ನಮ್ಮ ಊರುಗಳಲ್ಲಿ ಅಪರೂಪವಲ್ಲ. ದುಡಿದವನ ಕೂಲಿಯನ್ನು ತಡೆಹಿಡಿಯುವುದು ಸ್ವರ್ಗಕ್ಕೆ ಮೊರೆಯಿಡುವ ಪಾಪಗಳ ಸಾಲಿನಲ್ಲಿದೆಯೆಂದು ಧರ್ಮೋಪದೇಶದ ತರಗತಿಯಲ್ಲಿ ಕಲಿತ ನೆನಪು ಹಿರಿಯರಿಗಿರಬಹುದು.

ಈ ಕಸುಬಿನ ಪಂಚಾಂಗವೂ ವಿಶಿಷ್ಟವಾದುದು. ಆಗಮನ ಕಾಲದಲ್ಲಿಯೂ ತಪಸ್ಸುಕಾಲದಲ್ಲಿಯೂ ನಮ್ಮಲ್ಲಿ ಮದುವೆಗಳು ವಿರಳ. ಕ್ರಿಸ್ಮಸ್ ಕಳೆದೊಡನೆ ಜನವರಿ ತುಂಬ, ಈಸ್ಟರ್ ಕಳೆದೊಡನೆ ಏಪ್ರಿಲ್, ಮೇ ತುಂಬ ಮದುವೆಗಳು ಒತ್ತೊತ್ತಾಗಿ ಬರುತ್ತವೆ. ನಮ್ಮ ಖಾಲಿ ತಿಂಗಳುಗಳನ್ನು ಹಿಂದೂ ಮುಹೂರ್ತಗಳು, ಮುಸ್ಲಿಂ ನಿಕಾಹಗಳು ತುಂಬಿದರೆ ಮನೆ ನಡೆಯುತ್ತದೆ. ಆಟಿ ತಿಂಗಳಲ್ಲಿ ಅದೂ ಇಲ್ಲ. ಹೀಗಾಗಿ ಬಹುಶಃ ನಮ್ಮ ಜಿಲ್ಲೆಗಳಲ್ಲಿ ಎಲ್ಲ ಧರ್ಮಗಳ ವಿವಾಹವಿಧಿಯನ್ನೂ ಕ್ಷಣಕ್ಷಣದ ವಿವರದೊಡನೆ ಬಲ್ಲವರು ಇವರೇ. ಧಾರೆಯ ನೀರು ಬೀಳುವ ಕ್ಷಣವನ್ನು ಕಾಯಲು ಕಲಿತ ಕೈಯೇ ಉಂಗುರದ ಕ್ಷಣವನ್ನೂ ಕಾಯುತ್ತದೆ. ಕೊರೊನಾ ಬಂದ 2020ರಲ್ಲಿ ಮದುವೆಗೆ 50 ಮಂದಿಯ ಮಿತಿ ಬಿದ್ದಾಗ, ಇಡೀ ವರ್ಷದ ಗಳಿಕೆಯಾದ ಈಸ್ಟರ್ ನಂತರದ ಋತು ಕೈತಪ್ಪಿತು. ಕ್ಯಾಮೆರಾಕ್ಕಾಗಿ ಮಾಡಿದ ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಕೆಲವರು ಆಗಲೇ ಈ ಕೆಲಸ ಬಿಟ್ಟು ಬೇರೆ ದಾರಿ ಹಿಡಿದರು. ಉಳಿದವರಲ್ಲಿ ಯುವತಿಯರೂ ಇದ್ದಾರೆಂಬುದು ಸಂತೋಷದ ಸಂಗತಿ. ವಧುವಿನ ಅಲಂಕಾರದ ಕೋಣೆಯಲ್ಲಿ ಅವರಿಗೆ ಸಿಗುವ ಸಹಜತೆ ಗಂಡಸರಿಗೆ ಸಿಗದು.

ಇಲ್ಲಿ ಛಾಯಾಗ್ರಾಹಕರಿಗೂ ಒಂದು ಮಾತು ಹೇಳಲೇಬೇಕು. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಚಿತ್ರದ ಕೃತಿಸ್ವಾಮ್ಯ ತೆಗೆಸಿದವರದ್ದು. ವಧುವಿನ ಅಲಂಕಾರದ ಕೋಣೆಯ ಚಿತ್ರವನ್ನೋ, ಬೀಳ್ಕೊಡುವಾಗ ಅಳುವ ತಂದೆಯ ಚಿತ್ರವನ್ನೋ ಕೇಳದೆ ಇನ್‌ಸ್ಟಾಗ್ರಾಮಿಗೆ ಹಾಕಿ ಗಿರಾಕಿಗಳನ್ನು ಸೆಳೆಯುವುದು ಕಾನೂನಿಗೂ ಹೊಂದುವುದಿಲ್ಲ, ಮನೆಯೊಳಗೆ ಬಿಟ್ಟುಕೊಂಡವರ ನಂಬಿಕೆಗೂ ಹೊಂದುವುದಿಲ್ಲ. ಹೊಸಬರು ತಮ್ಮ ಕೆಲಸವನ್ನು ತೋರಿಸದೆ ಬದುಕುವುದು ಕಷ್ಟವೆಂಬುದೂ ನಿಜ. ಒಂದು ಹಾಳೆಯ ಕರಾರಿನಲ್ಲಿ ಇದನ್ನು ಮೊದಲೇ ಬರೆದುಕೊಂಡರೆ ಜಗಳವಿಲ್ಲ. ಅದೇ ಹಾಳೆಯಲ್ಲಿ ಊಟದ ಹೊತ್ತು, ಆಯ್ಕೆ ಮಾಡಿಕೊಡಬೇಕಾದ ಗಡುವು, ಬಾಕಿ ತೀರಿಸುವ ದಿನ ಇವೂ ಇರಲಿ. ಇಗರ್ಜಿಯೊಳಗೆ ಎಲ್ಲಿ ನಿಲ್ಲಬಹುದು, ಯಾವಾಗ ಫ್ಲ್ಯಾಶ್ ಕೂಡದು ಎಂಬುದನ್ನು ಗುರುಗಳು ಹಿಂದಿನ ದಿನವೇ ಹೇಳಿದರೆ ಬಲಿಪೂಜೆಯ ನಡುವೆ ಕಣ್ಣು ಕೆಂಪಾಗಿಸುವ ಪ್ರಮೇಯ ಬಾರದು. ವಿವಾಹಪೂರ್ವ ತರಬೇತಿ ಶಿಬಿರಗಳಲ್ಲಿ ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಟ್ಟರೆ ತಪ್ಪೇನು? ಆ ಅರ್ಧ ಗಂಟೆಗೆ ಅನುಭವಿ ಛಾಯಾಗ್ರಾಹಕರೊಬ್ಬರನ್ನೇ ಕರೆಯಲಿ.

ಇಷ್ಟೆಲ್ಲ ಹೇಳುವ ಅಗತ್ಯವೇನೆಂದರೆ, ಈ ಚಿತ್ರಗಳು ಮದುವೆಗಷ್ಟೇ ಸೇರಿದವುಗಳಲ್ಲ. ಇದೇ ಪತ್ರಿಕೆಯ ನಿಧನವಾರ್ತೆಯ ಪುಟವನ್ನು ತೆರೆದು ನೋಡಿ. ಕಿವಿಯಲ್ಲಿ ಚಿನ್ನದ ಓಲೆ, ಹೆಗಲ ಮೇಲೆ ಪಿನ್ನು ಹಾಕಿದ ರೇಷ್ಮೆ ಸೀರೆಯ ಅಂಚು, ಪಕ್ಕದಲ್ಲಿ ಕತ್ತರಿಸಿ ತೆಗೆದ ಯಾರದೋ ಕೋಟಿನ ತೋಳು. ಆ ಅಜ್ಜಿಯ ಚಿತ್ರ ಯಾರೋ ಮೊಮ್ಮಗಳ ಮದುವೆಯ ಗುಂಪುಚಿತ್ರದಿಂದ ಬಂದದ್ದು. ಬದುಕಿನಲ್ಲಿ ಅವರು ಸ್ಟುಡಿಯೊಕ್ಕೆ ಹೋದವರಲ್ಲ. ಅವರ ಎದುರು ಕ್ಯಾಮೆರಾ ಹಿಡಿದವರು ಮದುವೆಯ ಛಾಯಾಗ್ರಾಹಕರೊಬ್ಬರೇ. ಹಿರಿಯ ಛಾಯಾಗ್ರಾಹಕರು ಇದನ್ನು ಬಲ್ಲರು. ಆದ್ದರಿಂದಲೇ ರೋಸ್ ಮನೆಯಲ್ಲಿ ವಧುವನ್ನು ಬಿಟ್ಟು ಹತ್ತು ನಿಮಿಷ ಅಡುಗೆಮನೆಯ ಬಾಗಿಲಲ್ಲಿ, ಚಪ್ಪರದ ಮೂಲೆಯಲ್ಲಿ ಕುಳಿತ ಹಿರಿಯರ ಬಳಿ ಕಳೆಯುತ್ತಾರೆ. ಒಬ್ಬೊಬ್ಬರದೂ ಒಂದೊಂದು ಚಿತ್ರ, ಬೆಳಕು ಮುಖದ ಮೇಲಿರುವಂತೆ. ಆಲ್ಬಮ್ಮಿಗೆ ಆರಿಸುವಾಗ ಮನೆಯವರು ಇವುಗಳನ್ನು ಬದಿಗಿಡುತ್ತಾರೆ. ದಂಪತಿಯ ಮೂವತ್ತು ಭಂಗಿಗಳಿಗೆ ಜಾಗ ಬೇಕಲ್ಲ. ಕೆಲವು ವರ್ಷಗಳ ನಂತರ ಒಂದು ರಾತ್ರಿ ದೂರವಾಣಿ ಬರುತ್ತದೆ. ಅಮ್ಮ ತೀರಿಕೊಂಡಿದ್ದಾರೆ, ಒಳ್ಳೆಯ ಚಿತ್ರವೊಂದಿದೆಯೇ, ಬೆಳಗ್ಗೆಯೊಳಗೆ ಪತ್ರಿಕೆಗೆ ಕೊಡಬೇಕು.

ಫಿಲ್ಮಿನ ಕಾಲದ ಆ ಹಿರಿಯರು ಎದ್ದು ಕಪಾಟು ತೆರೆಯುತ್ತಾರೆ. ಇಗರ್ಜಿಯ ಹೆಸರು, ಇಸವಿ ಬರೆದ ಲಕೋಟೆಗಳು, ಒಳಗೆ ನೆಗೆಟಿವ್‌ಗಳು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ಇಂದು ಫಿಲ್ಮಿನಲ್ಲಿ ತೆಗೆದ ಕಪ್ಪು ಬಿಳುಪಿನವೂ ಇವೆ. ಆ ಕಾರ್ಖಾನೆ ಮುಚ್ಚಿಹೋಯಿತು, ಬೆಳ್ಳಿಯ ಲವಣದ ಆ ಚಿತ್ರಗಳು ಇನ್ನೂ ಸ್ಪಷ್ಟವಾಗಿವೆ. ಎಂಬತ್ತರ ದಶಕದ ಬಣ್ಣದ ಪ್ರತಿಗಳು ಹಲವು ಮನೆಗಳ ಗೋಡೆಯಲ್ಲಿ ಕೆಂಪಾಗಿ ಮಂಕಾಗಿವೆ. ಇನ್ನು ಈಚಿನ ಚಿತ್ರಗಳು ಹಾರ್ಡ್ ಡಿಸ್ಕುಗಳಲ್ಲಿವೆ. ಡಿಸ್ಕು ಯಾವ ಮುನ್ಸೂಚನೆಯೂ ಇಲ್ಲದೆ ಕೆಡುತ್ತದೆ. ಹೊಸ ಮದುವೆಗಳಿಗೆ ಜಾಗ ಮಾಡಲು ಹಳೆಯವುಗಳನ್ನು ಅಳಿಸುವುದೂ ಉಂಟು. ಮನೆಯವರಿಗೆ ಕೊಟ್ಟ ಪೆನ್ ಡ್ರೈವ್ ಯಾವ ಮೇಜಿನ ಡ್ರಾಯರಿನಲ್ಲಿದೆಯೆಂದು ಮನೆಯವರಿಗೇ ತಿಳಿಯದು. ಕಾಗದದ ಮೇಲೆ ಅಚ್ಚಾಗದ ಚಿತ್ರ ಇದ್ದೂ ಇಲ್ಲದಂತೆ.

ಆ ಕಪಾಟನ್ನು ಮುಂದೆ ಯಾರಿಗೆ ಒಪ್ಪಿಸುವುದೆಂಬ ಚಿಂತೆ ಅವರನ್ನು ಕಾಡುತ್ತಿದೆ. ಮಕ್ಕಳು ಕೊಲ್ಲಿ ರಾಷ್ಟ್ರದಲ್ಲಿದ್ದಾರೆ. ಅವರಿಗೆ ಈ ಲಕೋಟೆಗಳು ಹಳೆಯ ಕಾಗದ. ವಿವಾಹ ದಾಖಲೆಯ ಪುಸ್ತಕಗಳನ್ನು ನಮ್ಮ ಧರ್ಮಕೇಂದ್ರಗಳು ತಲೆಮಾರುಗಳಿಂದ ಜೋಪಾನವಾಗಿ ಇಟ್ಟುಕೊಂಡು ಬಂದಿವೆ. ಅವುಗಳ ಪಕ್ಕದಲ್ಲಿಯೇ, ಪ್ರತಿ ಮದುವೆಗೆ ನಾಲ್ಕು ಚಿತ್ರಗಳ ಅಚ್ಚುಪ್ರತಿಯನ್ನು, ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು, ದಿನಾಂಕ ಬರೆದು ಇಡುವ ಏರ್ಪಾಡನ್ನು ಪಾಲನಾ ಮಂಡಳಿಗಳು ಯೋಚಿಸಬಹುದು. ಒಂದು ಸಮ್ಮತಿಯ ಕ್ಷಣದ್ದು, ಒಂದು ಸಹಿಯದ್ದು, ಎರಡು ಎರಡೂ ಕಡೆಯ ಹಿರಿಯರದ್ದು. ವರ್ಷಕ್ಕೆ ಮೂವತ್ತು ಮದುವೆ ನಡೆಯುವ ಧರ್ಮಕೇಂದ್ರದಲ್ಲಿಯೂ ವರ್ಷಕ್ಕೆ 120 ಚಿತ್ರಗಳಾದಾವು. ಇಪ್ಪತ್ತು ವರ್ಷಕ್ಕೆ ಒಂದು ಕಪಾಟು ಸಾಕು. ಮಳೆಗಾಲದಲ್ಲಿ ಒಳಗೊಂದು ಬಲ್ಬು ಉರಿಸಿಡಬೇಕಾದೀತು.